ಮಾವನ ಕೆನ್ನೆಯ ಪರೀಕ್ಷೆ

ನನ್ನ ಸೋದರಮಾವ ಬದನೆಕಾಯಿಯನ್ನು ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಾನೆ ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಡಿ! ಶಿರಸಿಯ ಸಂತೆಗೆ ಬನ್ನಿ, ತೋರಿಸುತ್ತೇನೆ. ಎಲ್ಲರೂ ತರಕಾರಿಯನ್ನು ಕಣ್ಣಿನಿಂದ ನೋಡುತ್ತಾರೆ. ಹುಷಾರಾದವರು ಬೆರಳಿನಿಂದ ಒತ್ತಿ ನೋಡುತ್ತಾರೆ. ನಮ್ಮ ಮಾವ ಕೆನ್ನೆಯಿಂದ ನೋಡುತ್ತಾನೆ. ಅದೂ ಬಲಗೆನ್ನೆಯಿಂದ. ಎಡಗೆನ್ನೆಗೆ ಅಷ್ಟು ಜ್ಞಾನ ಸಾಲದಂತೆ.

ಹಾನಗಲ್ ಕಡೆಯಿಂದ ಬಂದು ತರಕಾರಿ ಮಾರುವ ಹೆಂಗಸೊಬ್ಬಳು ಇದನ್ನು ಕೆಲವು ವಾರ ಸಹಿಸಿಕೊಂಡಳು. ಕೊನೆಗೊಂದು ದಿನ ಸೊಂಟದ ಮೇಲೆ ಕೈಯಿಟ್ಟು, "ಯಜಮಾನ್ರ, ಬದನಿಕಾಯಿ ತಗೊಳ್ಳಾಕ ಬಂದೀರೋ, ತೊಟ್ಟಲಾಗ ಹಾಕಿ ತೂಗಾಕ ಬಂದೀರೋ?" ಎಂದು ಕೇಳಿಯೇಬಿಟ್ಟಳು. ಸುತ್ತಲಿನವರೆಲ್ಲ ನಕ್ಕರು. ಮಾವ ಕಣ್ಣು ಬಿಡಲಿಲ್ಲ. "ಕೆನ್ನೆ ಸುಳ್ಳು ಹೇಳೂದಿಲ್ಲ ತಾಯಿ" ಎಂದು, ಬದನೆಕಾಯಿಯನ್ನು ಚೀಲಕ್ಕೆ ಇಳಿಸಿ, "ಆತು" ಎಂದ.

ಈ "ಆತು" ಎನ್ನುವುದು ಸಾಮಾನ್ಯ ಮಾತಲ್ಲ. ಮಾವನ ಪ್ರಪಂಚದಲ್ಲಿ ವಸ್ತುಗಳು ಎರಡೇ ಜಾತಿ. ಕೆನ್ನೆಗೆ ನುಣ್ಣಗೆ ತಾಗಿದರೆ "ಆತು". ಚೂರು ದೊರಗಾದರೂ "ಆಜಿಲ್ಲೆ", ಅಂದರೆ ಇನ್ನೂ ಆಗಿಲ್ಲ, ಹಿಂದಕ್ಕೆ ಒಯ್ಯಿ. ನನ್ನ ಮದುವೆಯ ಕರೆಯೋಲೆಯನ್ನು ಓದುವ ಮೊದಲು ಕೆನ್ನೆಗೆ ತಾಗಿಸಿ "ಆಜಿಲ್ಲೆ" ಎಂದಿದ್ದ ಪುಣ್ಯಾತ್ಮ! ಮದುಮಗ ಯಾರು ಎಂದು ಆಮೇಲೆ ಕೇಳಿದ.

ಒಮ್ಮೆ ನೆಂಟರೊಬ್ಬರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಮಿರಿಮಿರಿ ಮಿಂಚುವ ಹೊಸ ತಲೆ. ಪ್ರಸಾದ ಕೊಡಲೆಂದು ಅವರು ಮಾವನ ಮುಂದೆ ಬಗ್ಗಿದರು ನೋಡಿ, ಮಾವನ ಕೆನ್ನೆ ತನ್ನಷ್ಟಕ್ಕೇ ಆ ಕಡೆ ವಾಲತೊಡಗಿತು! ಮಾವನ ಹೆಂಡತಿ, ನಮ್ಮ ಅತ್ತೆ, ಹಿಂದಿನಿಂದ ಶಾಲು ಹಿಡಿದು ಜಗ್ಗದಿದ್ದರೆ ಎರಡು ಕುಟುಂಬಗಳ ನಡುವೆ ಹೋಗಿಬರುವುದು ಅಂದೇ ನಿಲ್ಲುತ್ತಿತ್ತು.

ಇಷ್ಟಕ್ಕೂ ಮಾವ ಯಾರು, ಈ ಕೆನ್ನೆಯ ವಿದ್ಯೆ ಎಲ್ಲಿಂದ ಬಂತು ಎಂದು ಹೇಳಬೇಕಲ್ಲ. ಮಾವ ಬಸ್ ಕಂಡಕ್ಟರ್ ಆಗಿದ್ದ. ಸಿದ್ದಾಪುರ, ಶಿರಸಿ, ಯಲ್ಲಾಪುರ, ಈ ಮೂರು ಊರುಗಳ ನಡುವೆ ಅವನು ಸೀಟಿ ಊದದ ತಿರುವಿಲ್ಲ. ಟಿಕೆಟ್ಟಿನ ಕಟ್ಟನ್ನು ನೋಡದೆಯೇ ಬೆರಳಲ್ಲಿ ಹರಿದು ಕೊಡುತ್ತಿದ್ದ. ಒಂದರ ಬದಲು ಎರಡು ಹೋಗಿದ್ದು ಯಾರಿಗೂ ನೆನಪಿಲ್ಲ. ಶಿರಸಿ ಬಸ್‌ಸ್ಟ್ಯಾಂಡಿನ ಹಿಂದೆ ತೊಟ್ಟಿಲ ಕಂಬ ಕಡೆಯುವ ಒಬ್ಬ ಸಾಹೇಬರಿದ್ದರು. ಬಸ್ಸು ಹೊರಡುವುದು ತಡವಾದಾಗಲೆಲ್ಲ ಮಾವ ಅವರ ಅಂಗಡಿಯಲ್ಲಿ. ಮರ ಗಿರಗಿರ ತಿರುಗುವುದು, ಉಳಿ ತಾಗಿಸಿದರೆ ಹೊಟ್ಟು ಸುರುಳಿಯಾಗಿ ಹಾರುವುದು, ಚೌಕದ ತುಂಡು ನೋಡುನೋಡುತ್ತಲೇ ಉರುಟಾಗುವುದು! ಮಾವನಿಗೆ ಹುಚ್ಚು ಹಿಡಿಯಿತು. ಸಾಹೇಬರು ವಯಸ್ಸಾಗಿ ಕೆಲಸ ನಿಲ್ಲಿಸಿದಾಗ, ಮರ ಕಡೆಯುವ ಅವರ ಲೇತ್ ಯಂತ್ರ ನೇರವಾಗಿ ಮಾವನ ಮನೆಯ ಹಿಂಬದಿಯ ಕೊಟ್ಟಿಗೆಗೆ ಬಂತು. ಅಷ್ಟರಲ್ಲಿ ಮಾವನೂ ನಿವೃತ್ತನಾಗಿದ್ದ. ಕಡೆದದ್ದನ್ನು ಕೆನ್ನೆಗೆ ಒತ್ತಿ ನೋಡುವ ಅಭ್ಯಾಸ ಶುರುವಾದದ್ದು ಆಮೇಲೆಯೇ.

ಅಂದಿನಿಂದ ಆ ಮನೆಯಲ್ಲಿ ಮೂಲೆಗಳು ಮಾಯವಾದವು. ಸೌಟಿನ ಹಿಡಿ ಉರುಟು, ಬಾಗಿಲ ಹಿಡಿ ಉರುಟು, ಸಾಬೂನಿನ ಪೆಟ್ಟಿಗೆ ಉರುಟು, ಟಿವಿ ರಿಮೋಟಿಗೂ ಒಂದು ಉರುಟು ಮನೆ! ಉರುಟು ವಸ್ತುವಿನ ಗುಣ ನಿಮಗೆ ಗೊತ್ತಲ್ಲ? ಇಟ್ಟಲ್ಲಿ ಇರುವುದಿಲ್ಲ. ಅತ್ತೆ ಚಪಾತಿ ಲಟ್ಟಿಸಿ ಲಟ್ಟಣಿಗೆ ಕೆಳಗಿಟ್ಟರೆ, ಅದು ಅಡುಗೆಮನೆಯ ಹೊಸಿಲು ದಾಟಿ ಜಗುಲಿಗೆ ಬಂದು ಅತಿಥಿಗಳನ್ನು ಮಾತಾಡಿಸುತ್ತದೆ. ಅದಕ್ಕೇ ಅತ್ತೆ ಘಟ್ಟದಲ್ಲಿ ಕೆಟ್ಟು ನಿಂತ ಬಸ್ಸಿನ ಗಾಲಿಗೆ ಕಲ್ಲು ಕೊಟ್ಟಂತೆ ಮನೆಯ ಪ್ರತಿ ವಸ್ತುವಿಗೂ ಒಂದೊಂದು ತಡೆ ಕೊಟ್ಟಿದ್ದಾರೆ. ಅಡಿಕೆ ಕತ್ತರಿ, ಹುಣಸೆ ಉಂಡೆ, ಮಾವನದೇ ಹಳೆಯ ಚಪ್ಪಲಿ, ಸಿಕ್ಕಿದ್ದು.

ಮಾವನ ಇನ್ನೆರಡು ವೈಖರಿಗಳನ್ನೂ ಹೇಳಿ ಮುಗಿಸುತ್ತೇನೆ. ಒಂದು, ಅವನು ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿದು ಆರಾಮವಾಗಿ ಕೂರುತ್ತಾನೆ. ನಾವೆಲ್ಲ ಸೆರಗು, ಕರವಸ್ತ್ರ ಹುಡುಕುತ್ತಿದ್ದರೆ, ಮಾವ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ರಾಜಕೀಯ ಮಾತಾಡುತ್ತಾನೆ. ಹೊಸ ಅಳಿಯಂದಿರು ಬಂದಾಗ ನಾವು ಇದನ್ನು ಕೇಳಿ ಮಾಡಿಸುತ್ತಿದ್ದೆವು. ಇನ್ನೊಂದು, ಅವನ ಅಂಗಿಯ ಗುಂಡಿಗಳು ಎಂದೂ ತಮ್ಮ ತಮ್ಮ ತೂತಿನಲ್ಲಿ ಇರುವುದಿಲ್ಲ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. "ಎಂತ ಮಾವ ಇದು?" ಎಂದರೆ, "ಫ್ಯಾಷನ್ನು! ನಿಂಗೆ ಗೊತ್ತಿಲ್ಲೆ" ಎನ್ನುತ್ತಾನೆ. ಫ್ಯಾಷನ್ನಂತೆ, ಅವನ ತಲೆ!

ಹೀಗೆ ನಾವೆಲ್ಲ ನಗುತ್ತ ಇರುವಾಗ, ಕಳೆದ ವರ್ಷ ಅತ್ತೆ ಇದ್ದಕ್ಕಿದ್ದಂತೆ ಲೇತ್ ಯಂತ್ರದ ಮೇಲೆ ಯುದ್ಧ ಸಾರಿದರು. ಆದದ್ದು ಇಷ್ಟೇ. ಒಂದು ಮಧ್ಯಾಹ್ನ ಅತ್ತೆ ಕೊಟ್ಟಿಗೆಗೆ ಹೋದಾಗ ಮಾವ ಭಜನೆಯ ಸಾಲೊಂದನ್ನು ಗುನುಗುತ್ತ ಮರ ಕಡೆಯುತ್ತಿದ್ದನಂತೆ. ಉಳಿ ತಾಗಿ ಬೆರಳಿನಿಂದ ರಕ್ತ ತೊಟ್ಟಿಕ್ಕಿ, ಕೆಳಗಿನ ಹೊಟ್ಟೆಲ್ಲ ಕೆಂಪಾಗಿತ್ತಂತೆ. ಇವನು ಹಾಡುತ್ತಲೇ ಇದ್ದಾನೆ! ಸುದ್ದಿ ಕೇಳಿ ನಾನು, "ಅಬ್ಬಾ, ಎಂಥ ತನ್ಮಯತೆ!" ಎಂದು ಹೊಗಳಿದೆ. ಅತ್ತೆ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಮುಂದಿನ ಮಾತನ್ನು ಚಹಾದ ಜೊತೆ ನುಂಗಿದೆ.

ಯಲ್ಲಾಪುರದಲ್ಲಿ ಪೀಠೋಪಕರಣದ ಅಂಗಡಿ ಇಟ್ಟವರೊಬ್ಬರು ಆ ಯಂತ್ರದ ಮೇಲೆ ಮೊದಲಿಂದಲೂ ಕಣ್ಣಿಟ್ಟಿದ್ದರು. ಅತ್ತೆ ಅವರಿಗೆ ಫೋನು ಮಾಡಿ, ಬಂದು ಒಯ್ಯಿರಿ ಎಂದರು. ಮಾವ ಊಟ ಬಿಟ್ಟ. ಅತ್ತೆ ಮಾತು ಬಿಟ್ಟರು. ಇಬ್ಬರ ನಡುವೆ ಲಟ್ಟಣಿಗೆ ಮಾತ್ರ ಉರುಳಾಡಿಕೊಂಡಿತ್ತು.

ಅದೇ ಹೊತ್ತಿಗೆ ಬಂದವರು ಅಕ್ಕೋರು. ಭೈರುಂಬೆಯ ಆಚೆ ಒಂದು ಚಿಕ್ಕ ಸರ್ಕಾರಿ ಶಾಲೆಯ ಟೀಚರು ಅವರು; ನಮ್ಮ ಕಡೆ ಟೀಚರಿಗೆ ಅಕ್ಕೋರು ಎಂದೇ ಹೆಸರು. ಹಾವೇರಿ ಸೀಮೆಯವರು, ಮಾತು ಜೋರು, ಮನಸ್ಸು ಬೆಣ್ಣೆ. ಪುಸ್ತಕದ ಚೀಲ ತರದ ಶನಿವಾರಗಳಲ್ಲಿ ಮಕ್ಕಳಿಗೆ ಏನಾದರೂ ಹೊಸದು ತೋರಿಸುವ ಹಂಬಲ ಅವರಿಗೆ. "ಸರ, ನಮ್ಮ ಹುಡುಗ್ರಿಗೆ ಬುಗುರಿ ಮಾಡೋದು ತೋರಸ್ರಿ. ಬುಗುರಿ ಅಂದ್ರ ಪ್ಲಾಸ್ಟಿಕ್ ಗಿಡದಾಗ ಬಿಡತೈತಿ ಅಂತ ತಿಳ್ಕೊಂಡಾವ ಅವು!" ಎಂದರು.

ಮಾವನ ಮುಖ ಅರಳಿತು. ಅತ್ತೆಯ ಮುಖ ನೋಡಿ ಬಾಡಿತು. ಅಕ್ಕೋರು ಹೋದ ಮೇಲೆ ಅತ್ತೆ ಬಹಳ ದಿನಗಳ ಮೌನ ಮುರಿದು ಶರತ್ತು ಹೇಳಿದರು; ನಮ್ಮ ಮನೆಮಾತಿನಲ್ಲಿ ಆನು ಎಂದರೆ ನಾನು, ಯಂಗೆ ಎಂದರೆ ನನಗೆ.

"ಕೇಳಿ. ಶನಿವಾರ ಶಾಲೆಲಿ ಒಂದು ಹನಿ ರಕ್ತ ಬಂದ್ರೆ, ಇಲ್ದಿದ್ರೆ ಒಂದೇ ಒಂದು ಮಗು ಅತ್ರೆ, ಈ ಯಂತ್ರ ಸೋಮವಾರ ಯಲ್ಲಾಪುರಕ್ಕೆ. ಎರಡೂ ಆಗ್ದೇ ಇದ್ರೆ ಇಲ್ಲೇ ಇರ್ತು. ಮತ್ತೆ ಆನು ಬಾಯಿ ತೆಗಿತ್ನಿಲ್ಲೆ."

"ಮಕ್ಕ ಎಂತಕೆ ಅಳ್ತ?" ಎಂದ ಮಾವ.

"ಆ ಯಂತ್ರದ ಶಬ್ದಕ್ಕೆ ಯಂಗೇ ಅಳು ಬತ್ತು" ಎಂದರು ಅತ್ತೆ. "ಮತ್ತೆ, ಸ್ವಿಚ್ಚು ಯನ್ನ ಕೈಲಿ ಇರವು."

ಮಾವ ಕನ್ನಡಿಯ ಮುಂದೆ ನಿಂತು ಭಾಷಣ ಕಲಿಯತೊಡಗಿದ. ಇದು ನಮಗೆಲ್ಲ ಚಿಂತೆಯ ವಿಷಯವಾಯಿತು. ಇಡೀ ಬಸ್ಸಿನ ಮಂದಿಯನ್ನು ಒಂದೇ ಮಾತಿನಲ್ಲಿ ನಗಿಸುತ್ತಿದ್ದವನು, ಭಾಷಣ ಎಂದರೆ ಶಾಸನ ಓದುವವನಂತೆ ಆಗಿಬಿಡುತ್ತಾನೆ. ಬೇಡ ಮಾವ ಎಂದೆ. ಕೇಳಿದರೆ ತಾನೆ?

ಶನಿವಾರ ನನ್ನ ಓಮ್ನಿಯ ಹಿಂದಿನ ಸೀಟು ಕಿತ್ತು, ಯಂತ್ರವನ್ನು ಬಿಚ್ಚಿ ತುಂಡು ತುಂಡಾಗಿ ಹೇರಿದೆವು. ಅತ್ತೆ ಹಿಂದೆ ಚಾಪೆ ಹಾಸಿಕೊಂಡು, ಯಂತ್ರಕ್ಕೆ ಕಾವಲು ಕೂತರು, ಕೈದಿಯ ಪಕ್ಕ ಪೊಲೀಸರು ಕೂತ ಹಾಗೆ. ಮಾವ ಮುಂದೆ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸಿದ. ಅಂಗಿ ಹೊಸದು. ಗುಂಡಿಗಳು ಯಥಾಪ್ರಕಾರ.

ಶಾಲೆಯ ಜಗುಲಿಯಲ್ಲಿ ಯಂತ್ರ ಜೋಡಿಸಿದ್ದಾಯಿತು. ಅಕ್ಕೋರು ಬೆಂಚುಗಳನ್ನು ದೂರಕ್ಕೆ ಸಾಲಾಗಿ ಇಟ್ಟು, ಅದರ ಈಚೆ ಯಾರೂ ಬರಬಾರದೆಂದು ತಾಕೀತು ಮಾಡಿದರು. ಒಂದರಿಂದ ಐದರವರೆಗಿನ ಎಲ್ಲ ತರಗತಿಯ ಮಕ್ಕಳೂ ಅಲ್ಲೇ. ಎಲ್ಲರಿಗಿಂತ ಮುಂದೆ ಒಂದನೇ ತರಗತಿಯ ಒಬ್ಬಳು ಕೂತಿದ್ದಳು. ಎರಡು ಬಿಗಿ ಜಡೆ, ಕಿವಿಯ ಮೇಲೆ ಎರಡು ಕೆಂಪು ರಿಬ್ಬನ್ ಹೂವು; ಜಡೆ ಎಷ್ಟು ಬಿಗಿ ಎಂದರೆ ಹುಬ್ಬೇ ಮೇಲೆ ಹೋಗಿತ್ತು.

ಮಾವ ಗಂಟಲು ಸರಿಮಾಡಿಕೊಂಡ. "ಪ್ರಿಯ ವಿದ್ಯಾರ್ಥಿಗಳೇ, ವೃಕ್ಷವೆಂಬುದು ನಿಸರ್ಗವು ಮಾನವನಿಗೆ ದಯಪಾಲಿಸಿದ ಅಮೂಲ್ಯವಾದ..." ಒಬ್ಬ ಆಕಳಿಸಿದ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಆಚೆಯವಳು. ಆಕಳಿಕೆ ಬೆಂಚಿನಿಂದ ಬೆಂಚಿಗೆ ಹತ್ತಿಳಿಯಿತು. ಮಾವ ಗಾಬರಿಯಾಗಿ ಭಾಷಣವನ್ನು ಅರ್ಧಕ್ಕೇ ಬಿಟ್ಟು ಅತ್ತೆಯ ಕಡೆ ಕೈ ಮಾಡಿದ. ಅತ್ತೆ ಸ್ವಿಚ್ಚು ಒತ್ತಿದರು. ಯಂತ್ರ ಗರ್ರ್ ಎಂದು ಕಿರುಚಿತು.

ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರು. ರಿಬ್ಬನ್ ಹುಡುಗಿಯ ಕೆಳತುಟಿ ಮುಂದೆ ಬಂತು. ನಡುಗಿತು. ಕಣ್ಣು ತುಂಬಿತು. ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆಯೂ ಅದೇ ತುಟಿಯನ್ನು ನೋಡುತ್ತಿದ್ದರು. ಮುಗಿಯಿತು ಕಥೆ, ಯಂತ್ರ ಯಲ್ಲಾಪುರಕ್ಕೆ ಹೊರಟಿತು!

ಆಗ ಪೀ... ಎಂದು ಸೀಟಿ ಕೇಳಿತು. "ಹೋಲ್ಡಾನ್!"

ನಮ್ಮ ಮಾವ! ಜೇಬಿನಿಂದ ಹಳೆಯ ಸೀಟಿ ಯಾವಾಗ ತೆಗೆದನೋ, ಬಾಯಲ್ಲಿತ್ತು. ಅತ್ತೆಯ ಕೈ ತಾನಾಗಿ ಸ್ವಿಚ್ಚು ಆರಿಸಿತ್ತು. ಬಸ್ಸಿನಲ್ಲಿ ಅಳುವ ಮಕ್ಕಳನ್ನು ಎಷ್ಟು ಕಂಡವನೋ ಅವನು! ಭಾಷಣ ಎಲ್ಲಿ ಹೋಯಿತೋ, ಶಾಸನ ಎಲ್ಲಿ ಹೋಯಿತೋ. ನಿಂತ ನಿಲುವೇ ಬದಲಾಯಿತು.

"ಯಾರ್ರೀ ಅದು ಟಿಕೆಟ್ ಇಲ್ದೆ ಹತ್ತಿದ್ದು? ಒಳಗೆ ಬರ್ರಿ, ಹಿಂದೆ ಜಾಗ ಖಾಲಿ ಇದೆ! ಕಿಟಕಿ ಹತ್ರ ಕೂತವರು ಕೈ ಹೊರಗೆ ಹಾಕ್‌ಬೇಡಿ! ರಿಬ್ಬನ್ ಮೇಡಂ, ನಿಮಗೆ ಯಾವೂರು?"

ತುಟಿ ಒಳಗೆ ಹೋಯಿತು. ಬಹಳ ಯೋಚಿಸಿ, "ಮಾಗೋಡು" ಎಂದಳು.

"ಮಾಗೋಡು ಒಂದು! ಮತ್ಯಾರು?"

"ಯಲ್ಲಾಪುರ!" "ಶಿರಸಿ!" "ನಂಗೆ ಗುಡ್ನಾಪುರ!"

"ಗುಡ್ನಾಪುರ ಈ ಬಸ್ಸಲ್ಲ ಮಾರಾಯ, ಬನವಾಸಿ ಬಸ್ಸಿಗೆ ಹತ್ತು! ಇರ್ಲಿ, ಕೂತ್ಕ. ನಾ ಸೀಟಿ ಊದ್ತೇನೆ, ನೀವೆಲ್ಲ ರೈಟ್ ಅನ್ಬೇಕು. ನೀವು ಅನ್ನದೇ ಬಸ್ಸು ಹೊರಡೂದಿಲ್ಲ. ಡ್ರೈವರು ನೋಡಿ, ಭಾರೀ ಸಿಟ್ಟಿನವರು!" ಎಂದು ಅತ್ತೆಯನ್ನು ತೋರಿಸಿದ. ಮಕ್ಕಳೆಲ್ಲ ಅತ್ತೆಯನ್ನು ನೋಡಿ ಕಿಸಕ್ಕೆಂದರು. ಅತ್ತೆ ಸೆರಗು ಸರಿಮಾಡಿಕೊಂಡು ಸ್ವಿಚ್ಚಿನ ಮೇಲೆ ಕೈಯಿಟ್ಟರು. ನಗಲಿಲ್ಲ, ಆದರೆ ನಗದಿರಲು ಕಷ್ಟಪಡುತ್ತಿದ್ದದ್ದು ನನಗೆ ಕಂಡಿತು.

"ರೈಟ್!" ಎಂದು ಶಾಲೆಯ ಹಂಚು ಹಾರುವಂತೆ ಕೂಗಿದರು ಮಕ್ಕಳು. ಯಂತ್ರ ಹೊರಟಿತು. ಈಗ ಅದರ ಶಬ್ದ ಯಾರಿಗೂ ಕೇಳಲೇ ಇಲ್ಲ, ಮಕ್ಕಳ ಗದ್ದಲವೇ ಹೆಚ್ಚು! ಚೌಕದ ತುಂಡಿನ ಮೂಲೆಗಳು ಹಾರಿದವು. "ಭೈರುಂಬೆಯವರು ಇಳೀರಿ!" ತುಂಡು ಉರುಟಾಯಿತು. "ಯಲ್ಲಾಪುರ! ಚಾ ಕುಡಿಯೋರಿಗೆ ಐದು ನಿಮಿಷ. ಹೋಲ್ಡಾನ್!" ಮತ್ತೆ ರೈಟ್. ಬುಗುರಿಗೆ ಹೊಟ್ಟೆ ಬಂತು, ಕುತ್ತಿಗೆ ಬಂತು, ಕೆಳಗೆ ಚೂಪಾಗುತ್ತ ಬಂತು. "ಮಾಗೋಡು ಬಂತು, ರಿಬ್ಬನ್ ಮೇಡಂ! ಇಲ್ಲಿಂದ ಕೆಳಗೆ ಜಲಪಾತ, ಹುಷಾರಿ!" ಸುರುಳಿ ಸುರುಳಿ ಹೊಟ್ಟು ಹಾರಿ ಬೆಂಚಿನ ತನಕ ಬಂತು. ಹುಡುಗಿಯರು ಅದನ್ನು ಬಳೆ ಮಾಡಿಕೊಂಡರು, ಹುಡುಗರು ಮೀಸೆ ಮಾಡಿಕೊಂಡರು. ಅಕ್ಕೋರೂ ಮೀಸೆ ಇಟ್ಟುಕೊಂಡು ನೋಡಿದರು!

ಬುಗುರಿಯನ್ನು ಉಜ್ಜುವ ಕಾಗದದಿಂದ ಉಜ್ಜಿ, ಯಂತ್ರ ನಿಲ್ಲಿಸಿ, ಕಳಚಿ, ಮಾವ ಅಭ್ಯಾಸಬಲದಿಂದ ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದ. ಮಕ್ಕಳು ತಟ್ಟನೆ ಸುಮ್ಮನಾದರು.

"ಅಜ್ಜಾ, ಅದನ್ನ ಎಂತಕೆ ಮುದ್ದು ಮಾಡೂದು?" ಕೇಳಿದ್ದು ರಿಬ್ಬನ್ ಹುಡುಗಿ.

ಕೆನ್ನೆ ಸುಳ್ಳು ಹೇಳುವುದಿಲ್ಲ ಎಂಬ ಹಳೆಯ ಉತ್ತರಕ್ಕೆ ನಾನು ಕಾದೆ. ನಮಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದ. ಆದರೆ ಮಾವ ಕಣ್ಣು ಬಿಟ್ಟು ಆ ಮಗುವನ್ನು ನೋಡಿದ. ಬೆಂಚಿನ ಹತ್ತಿರ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯನ್ನ ಬೆರಳಿಗೆ ಈಗ ಎಂತೂ ಗೊತ್ತಾಗ್ತಿಲ್ಲೆ ತಂಗಿ" ಎಂದ. "ಸಕ್ಕರೆ ಕಾಯಿಲೆ. ತುದಿಯೆಲ್ಲ ಮರಗಟ್ಟಿ ಹೋಜು. ನುಣ್ಣಗಿದ್ದಾ, ದೊರಗಾ ಹೇಳಿ ಕೆನ್ನೆಗೊಂದೇ ಗೊತ್ತಾಗೂದು."

ನನಗೆ ಒಂದೊಂದಾಗಿ ನೆನಪಾಯಿತು. ಕುದಿಯುವ ಚಹಾದ ಲೋಟ. ಗುಂಡಿ ತಪ್ಪಿದ ಅಂಗಿ. ರಕ್ತ ಸುರಿದರೂ ನಿಲ್ಲದ ಭಜನೆ. ಅತ್ತೆಯ ಕಡೆ ನೋಡಿದೆ. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವರಿಗೆ ಗೊತ್ತಿತ್ತು. ಅವನು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಯಂತ್ರದ ಮೇಲಿನ ಸಿಟ್ಟು ಎಲ್ಲ ಆ ಒಂದು ಹೆದರಿಕೆಯದು.

ರಿಬ್ಬನ್ ಹುಡುಗಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. "ನಂಗೆ ಗೊತ್ತಾಗ್ತದೆ, ಕೊಡಿ" ಎಂದು ಬುಗುರಿ ಇಸಿದುಕೊಂಡಳು. ಪುಟ್ಟ ತೋರುಬೆರಳಿನಿಂದ ಕುತ್ತಿಗೆಯ ಸುತ್ತ ಸವರಿದಳು, ಹುಬ್ಬು ಮೊದಲೇ ಮೇಲಿತ್ತು, ಇನ್ನಷ್ಟು ಮೇಲೆ ಹೋಯಿತು. "ಇಲ್ಲಿ ಚುಚ್ತದೆ" ಎಂದಳು.

ಮಾವ ಬೆರಳಾಡಿಸಿದ, ತಿಳಿಯಲಿಲ್ಲ. ಕೆನ್ನೆಗೆ ಹಿಡಿದು ನೋಡಿದ. ಎಡಗೆನ್ನೆಗೂ ಹಿಡಿದ! "ಹೌದನೇ ಮಾರಾಯ್ತಿ! ಯನ್ನ ಕೆನ್ನೆಗೇ ತಪ್ಪಿತ್ತು!" ಎಂದವನೇ ಎದ್ದು ಬುಗುರಿಯನ್ನು ಯಂತ್ರಕ್ಕೆ ಸಿಕ್ಕಿಸಿದ. ರೈಟ್! ಉಜ್ಜಿದ. ಹೋಲ್ಡಾನ್! ಅವಳು ಮತ್ತೆ ಸವರಿ, ಸ್ವಲ್ಪ ಹೊತ್ತು ಎಲ್ಲರನ್ನೂ ಕಾಯಿಸಿ, ತಲೆಯಾಡಿಸಿದಳು. "ಆತು ಅನ್ನು" ಎಂದ ಮಾವ. "ಆತು!" ಎಂದಳು.

ಆಮೇಲೆ ಕೇಳಬೇಕೆ? ಎಲ್ಲರಿಗೂ ಬೆರಳಿತ್ತು! ಪ್ರತಿ ಬುಗುರಿಯೂ ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿ, "ಆಜಿಲ್ಲೆ, ಆಜಿಲ್ಲೆ" ಎನ್ನಿಸಿಕೊಂಡು ಹಿಂದೆ ಬಂದು, ಕೊನೆಗೆ ಇಡೀ ಶಾಲೆಯ ಬಾಯಲ್ಲಿ "ಆತು" ಎನ್ನಿಸಿಕೊಂಡು ಅಂಗಳಕ್ಕೆ ಇಳಿಯಿತು. ಮಾವ ಇಷ್ಟು ಕಟ್ಟುನಿಟ್ಟಿನ ಪರೀಕ್ಷಕರನ್ನು ಜನ್ಮದಲ್ಲಿ ಕಂಡಿರಲಿಲ್ಲ. ಬೆವರಿಳಿಸಿಕೊಂಡು, ನಗುತ್ತ, ಸೀಟಿ ಊದುತ್ತ, ಬಿಸಿಯೂಟದ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಅಂಗಳದ ತುಂಬ ಬುಗುರಿಗಳು ಗುಂಯ್‌ಗುಟ್ಟಿದವು. ಅಕ್ಕೋರ ಬುಗುರಿ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುಗಿತು. "ನಮ್ಮ ಕಡೀ ಕೈ ಅದು, ಸುಮ್ಮನ ಅಲ್ರಿ!" ಎಂದು ಅವರು ಮಕ್ಕಳಿಗಿಂತ ಜೋರಾಗಿ ಕುಣಿದರು.

ಒಂದು ಹನಿ ರಕ್ತವೂ ಬರಲಿಲ್ಲ. ಒಂದು ಮಗುವೂ ಅಳಲಿಲ್ಲ. ಗೆದ್ದೆವು ಎಂದುಕೊಂಡು ಯಂತ್ರ ಬಿಚ್ಚಿ ಓಮ್ನಿಗೆ ಹೇರಿ ಬಾಗಿಲು ಹಾಕಿದೆವೋ ಇಲ್ಲವೋ, ಹಿಂದಿನಿಂದ ಗೊಳೋ ಎಂದು ಅಳು! ರಿಬ್ಬನ್ ಹುಡುಗಿ. ಅಂಥಿಂಥ ಅಳುವಲ್ಲ, ಇಡೀ ಬೆಳಗಿನಿಂದ ಕೂಡಿಟ್ಟಿದ್ದು.

ಮಾವನ ಮುಖ ಬಿಳುಪೇರಿತು. ಅತ್ತೆಯನ್ನು ನೋಡಿದ. ಶರತ್ತು ಶರತ್ತೇ ಅಲ್ಲವೇ?

ಅತ್ತೆ ಇಳಿದು ಹೋಗಿ ಮಗುವಿನ ಮೂಗು ಸೆರಗಿನಿಂದ ಒರೆಸಿದರು. ಕಿವಿಯಲ್ಲಿ ಏನೋ ಕೇಳಿದರು, ಏನೋ ಹೇಳಿದರು. ವಾಪಸು ಬಂದು ಕೂತು, "ಬಸ್ಸು ಹೋಗ್ತು ಹೇಳಿ ಅತ್ತಿದ್ದು ಅದು. ಆ ಅಳು ಲೆಕ್ಕಕ್ಕಿಲ್ಲೆ" ಎಂದರು.

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಯಲ್ಲಾಪುರದವರು. ಅತ್ತೆ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟರು. "ಇಲ್ಲ, ಮಶೀನು ಕೊಡೂದಿಲ್ಲ. ಸೋಮವಾರ ಬರೂದು ಬೇಡ. ಶಾಲೆ ಮಕ್ಕಳು ಮತ್ತೆ ಬರ್ಲಿಕ್ಕೆ ಹೇಳಿದ್ದಾರೆ. ನಾನು ಅದರ ಡ್ರೈವರು."

ಮಾವ ಮುಂದಿನ ಸೀಟಿನಿಂದ ಇಳಿದು, ಹಿಂದೆ ಹೋಗಿ, ಚಾಪೆಯ ಮೇಲೆ ಅತ್ತೆಯ ಪಕ್ಕ ಕೂತ. ನಾನು ಗಾಡಿ ಹೊರಡಿಸಿದೆ. ನಾನು ಕದ್ದು ಕೇಳುವವಳಲ್ಲ. ಓಮ್ನಿ ಚಿಕ್ಕದು, ಏನು ಮಾಡಲಿ?

"ಗೊತ್ತಾಗ್ತಿಲ್ಲೆ ಹೇಳಿ ಆ ಕೂಸಿನ ಹತ್ರ ಹೇಳಲೆ ಆತು, ಯನ್ನ ಹತ್ರ ಆಜಿಲ್ಲೆ" ಎಂದರು ಅತ್ತೆ. ಸಿಟ್ಟಿನ ದನಿಯೇ. ಆದರೆ ಅವರ ಕೈ ಮಾವನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಸರಿಯಾದ ತೂತಿಗೆ ಹಾಕುತ್ತ ಬರುತ್ತಿತ್ತು. "ಯಂಗೂ ಬೆರಳಿದ್ದಲೀ. ಇನ್ನು ಮೇಲೆ ಎಂತ ಮಾಡಿದ್ರೂ ಯನ್ನ ಕೈಗೆ ಕೊಡಿ. ಆನು ನೋಡಿ ಹೇಳ್ತೆ."

ಕೊನೆಯ ಗುಂಡಿ ಹಾಕಿದ ಆ ಕೈಯನ್ನು ಮಾವ ಬಿಡಲಿಲ್ಲ. ಒಲೆ, ಪಾತ್ರೆ, ಕತ್ತಿ, ಬೂದಿ ಎಲ್ಲವನ್ನೂ ಕಂಡು ಬಿರುಕು ಬಿಟ್ಟ ಕೈ ಅದು. ಆ ಮನೆಯಲ್ಲಿ ಅದಕ್ಕಿಂತ ದೊರಗಾದ ವಸ್ತು ಇನ್ನೊಂದಿಲ್ಲ. ಕನ್ನಡಿಯಲ್ಲಿ ನಾನು ನೋಡುತ್ತಿದ್ದಂತೆ ಮಾವ ಆ ಅಂಗೈಯನ್ನು ತನ್ನ ಬಲಗೆನ್ನೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ.

"ಆತು" ಎಂದ.